ಸರ್ಚ್‌ಲೈಟ್ ಹಾಕಿದರೆ ಡೀಸೆಲ್ ಖಾಲಿ

ಇಂಜಿನ್ ನಿಲ್ಲಿಸುವ ಸ್ಟಾಪ್ ಹ್ಯಾಂಡಲ್ ಮೇಲೆ ನನ್ನ ಕೈ ಇತ್ತು. ಬೋಟು ನಡೆಸುವ ತಂಡೇಲರು ಮಣಿಗಂಟಿಗೆ ರಪ್ಪಂತ ಒಂದು ಕೊಟ್ಟರು. ಹನ್ನೊಂದು ವರ್ಷದಿಂದ ಮೀನುಗಾರಿಕೆ ಬೋಟುಗಳ ವೈರಿಂಗ್ ಮಾಡುತ್ತಿದ್ದೇನೆ. ಬೈಗುಳ ಬೇಕಾದಷ್ಟು ತಿಂದಿದ್ದೇನೆ, ಪೆಟ್ಟು ತಿಂದದ್ದು ಅದೊಂದೇ ಸಲ. ಅವರು ಹೊಡೆದದ್ದು ಸರಿಯೇ ಆಗಿತ್ತಲ್ಲ, ಈಗಲೂ ಚುಚ್ಚುವುದು ಅದೇ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟುಗಳಿಗೆ ರಜೆ. 61 ದಿನ. ಮಂಗಳೂರಿನ ಹಳೇ ಬಂದರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಅವಕ್ಕೆ ರಜೆ, ನಮಗೆ ಸುಗ್ಗಿ. ಬಡಗಿ, ವೆಲ್ಡರ್, ಪೈಂಟಿನವರು, ಎಲೆಕ್ಟ್ರಿಷನ್, ಎಲ್ಲರೂ ಎಲ್ಲ ಬೋಟಿಗೂ ಒಂದೇ ದಿನ ಬೇಕು. ಅಂಥದ್ದರಲ್ಲಿ ಒಂದು ಆಳಸಮುದ್ರ ಬೋಟಿನ ಮಾಲಕರು ನಮ್ಮ ಅಂಗಡಿಗೆ ಬಂದರು. ಕೊಚ್ಚಿಯಲ್ಲಿ ಯಾವುದೋ ಬೋಟಿನ ಕ್ಯಾಬಿನ್ ನೋಡಿ ಬಂದಿದ್ದರಂತೆ. "ಮುಳ್ಳಿನ ಮೀಟರ್ ಎಲ್ಲ ತೆಗೀರಿ. ನನಗೆ ಟಿವಿ ಹಾಗಿನದ್ದು ಬೇಕು" ಅಂದರು.

ಇಂಜಿನ್ ಹಳೆಯದು. ಆರು ಸಿಲಿಂಡರ್, ಮೆಕ್ಯಾನಿಕಲ್ ಪಂಪ್. ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್ ಇಲ್ಲ, ಹಾಗಾಗಿ ಅದರ ಲೆಕ್ಕವನ್ನು ಡಿಸ್‌ಪ್ಲೇಗೆ ದಾಟಿಸುವ ಜೆ1939 ಗೇಟ್‌ವೇ ಒಂದು ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಆಯಿಲ್ ಪ್ರೆಶರ್ ಅಳೆದು ಕಳಿಸಲು ಒಂದು ಸೆಂಡರ್, ಟೆಂಪರೇಚರಿಗೊಂದು, ಎರಡು ಡೀಸೆಲ್ ಟ್ಯಾಂಕಿಗೆ ಎರಡು. ಆರ್‌ಪಿಎಂ ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್‌ನಿಂದ. ಎಲ್ಲ ಬಂದು ಇಂಜಿನ್ ರೂಮಿನ ಕನ್ವರ್ಟರ್ ಡಬ್ಬಿಗೆ ಸೇರಬೇಕು. ಅಲ್ಲಿಂದ ಎನ್‌ಎಂಇಎ 2000 ಅನ್ನುವ ಬೋಟಿನ ನೆಟ್‌ವರ್ಕಿನ ಮುಖ್ಯ ಕೇಬಲ್, ಅಂದರೆ ಬ್ಯಾಕ್‌ಬೋನ್ ಹಿಡಿದು ಕ್ಯಾಬಿನ್ನಿಗೆ, ಕ್ಯಾಬಿನ್ನಿನಲ್ಲಿ ಎರಡು ಡಿಸ್‌ಪ್ಲೇ.

ಸಣ್ಣ ಪುಟ್ಟ ತಲೆನೋವು ಇದ್ದೇ ಇತ್ತು. ಬ್ಯಾಕ್‌ಬೋನಿನಲ್ಲಿ 60 ಓಮ್ ಬರಬೇಕಾದಲ್ಲಿ 40 ಬಂತು. ನೋಡಿದರೆ ನಮ್ಮ ಹುಡುಗ ಕೇಬಲ್ ಜೋಡಿಸುವ ಖಾಲಿ ಟೀ ಒಂದಕ್ಕೆ ಮೂರನೇ ಟರ್ಮಿನೇಟರ್ (ಎರಡು ತುದಿಗೆ ಎರಡೇ ಇರಬೇಕಾದ ರೆಸಿಸ್ಟರ್) ತಿರುಗಿಸಿ ಇಟ್ಟಿದ್ದ. "ನೀರು ಹೋಗಬಾರದಲ್ವಾ, ಮುಚ್ಚಳ ಹಾಕಿದೆ" ಅಂದ. ಎರಡು ಟ್ಯಾಂಕಿಗೂ ಇನ್‌ಸ್ಟನ್ಸ್, ಅಂದರೆ ನೆಟ್‌ವರ್ಕಿನಲ್ಲಿ ಗುರುತಿನ ನಂಬರ್, ಸೊನ್ನೆಯೇ ಇತ್ತು, ಹಾಗಾಗಿ ಒಂದೇ ಟ್ಯಾಂಕ್ ತುಂಬುತ್ತಾ ಖಾಲಿಯಾಗುತ್ತಾ ಕುಣಿಯುತ್ತಿತ್ತು. ಇಂಥವೆಲ್ಲ ಅರ್ಧ ದಿನದ ಕೆಲಸ.

ನಿಜವಾದ ತಪ್ಪು ಮಾಡುವಾಗ ಅದು ತಪ್ಪು ಅಂತ ಅನ್ನಿಸಲೇ ಇಲ್ಲ.

ಬ್ಯಾಕ್‌ಬೋನಿಗೆ ಕರೆಂಟನ್ನು ಬ್ಯಾಟರಿಯಿಂದಲೇ ನೇರ ತೆಗೆಯಬೇಕು, ಅದಕ್ಕೆ ಬೇರೆ ಫ್ಯೂಸ್, ಆ ವೈರಿನಲ್ಲಿ ಬೇರೇನೂ ಇರಬಾರದು. ಇದು ನನಗೆ ಗೊತ್ತಿತ್ತು. ಆದರೆ ಕೊಟೇಶನ್ ಬರೆದವರು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಬರೆದದ್ದು. ಡಿಸ್‌ಪ್ಲೇ ಎರಡು, ಸೆಂಡರ್ ನಾಲ್ಕು, ಲೇಬರ್ ಇಷ್ಟು. ಕೇಬಲ್ಲಿಗೆ ಒಂದು ಸಾಲೂ ಇಲ್ಲ. ಫೋನ್ ಮಾಡಿ ಕೇಳಿದೆ. "ಕ್ಯಾಬಿನ್ ಪ್ಯಾನೆಲಿನಲ್ಲಿ ಕರೆಂಟ್ ಉಂಟಲ್ಲ ಮಾರಾಯ, ಅಲ್ಲಿಂದ ತೆಗಿ" ಅಂದರು. ಬೋಟಿನದ್ದು 24 ವೋಲ್ಟ್. ಪ್ಯಾನೆಲಿನಿಂದ ತೆಗೆದು, 12ಕ್ಕೆ ಇಳಿಸುವ ಡಬ್ಬಿ ಹಾಕಿ ಕೊಟ್ಟೆ. ಇಡೀ ನೆಟ್‌ವರ್ಕ್ ಒಂದು ಆಂಪಿಯರ್ ಸಹ ತಿನ್ನುವುದಿಲ್ಲ, ಏನಾಗ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಇದನ್ನು ಆಫೀಸಿನ ತಲೆಗೆ ಕಟ್ಟಬಹುದು. ಮುಂದಿನದು ಪೂರ್ತಿ ನನ್ನದೇ. ಇಂಜಿನ್ ರೂಮಿನಲ್ಲಿ ಹಳೇ ಆಯಿಲ್ ಪ್ರೆಶರ್ ಗೇಜ್ ಇತ್ತು. ತಾಮ್ರದ ಸಣ್ಣ ಪೈಪಿನದು, ವೈರಿಲ್ಲ, ಬ್ಯಾಟರಿ ಬೇಡ. ಗ್ಲಾಸಿಗೆ ಗ್ರೀಸ್ ಮೆತ್ತಿ ಮುಳ್ಳು ಅರ್ಧ ಮಾತ್ರ ಕಾಣುತ್ತಿತ್ತು. ಅದನ್ನು ಬಿಚ್ಚಿ ಆ ಜಾಗಕ್ಕೆ ಪ್ಲಗ್ ಹೊಡೆದೆ. ಪ್ರೆಶರ್ ಸ್ವಿಚ್ಚಿನ ಬಜರ್ ಸಹ ತೆಗೆದೆ. ಹೊಸ ಡಿಸ್‌ಪ್ಲೇಯೇ ಅಲಾರಂ ಕೊಡ್ತದಲ್ಲ, ಎರಡೆರಡು ಯಾಕೆ? ಇಂಜಿನ್ ನೋಡಿಕೊಳ್ಳುವ ಡ್ರೈವರ್ "ಅದು ಇರಲಿ ಬಿಡಿ" ಅಂದಿದ್ದರು. ನಾನು ನಕ್ಕಿದ್ದೆ.

ದಕ್ಕೆಯಲ್ಲಿ ಕಟ್ಟಿಕೊಂಡೇ ಇಂಜಿನ್ ಓಡಿಸಿ ನೋಡಿದೆವು. ನಡು ಮಧ್ಯಾಹ್ನ. ಎಲ್ಲ ನಂಬರ್ ಹೂವಿನ ಹಾಗೆ ಬಂದವು. ಮಾಲಕರು ಫೋಟೋ ತೆಗೆದು ಯಾರ್ಯಾರಿಗೋ ಕಳಿಸಿದರು.

ಆಗಸ್ಟ್ ಮೊದಲ ವಾರ ಟ್ರಯಲ್. ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಹೂಳು ಜಾಸ್ತಿ, ಭರತ ಇರುವಾಗಲೇ ದಾಟಬೇಕು ಅಂತ ತಂಡೇಲರ ಹಟ. ಮಳೆ ಸಣ್ಣಗೆ ಹೊಡೆಯುತ್ತಿತ್ತು. ಬಲಕ್ಕೆ ಬೆಂಗ್ರೆಯ ದೀಪಗಳು ಒಂದೊಂದೇ ಹಿಂದೆ ಸರಿದವು. ನಾನು ಡಿಸ್‌ಪ್ಲೇ ಮುಂದೆ ಮದುವೆ ಮನೆಯ ಯಜಮಾನನ ಹಾಗೆ ನಿಂತಿದ್ದೆ. ಆಯಿಲ್ 4.2 ಬಾರ್. ಟೆಂಪರೇಚರ್ 82. ಡೀಸೆಲ್ ಎರಡೂ ಕಡೆ ಸುಮಾರು 70 ಪರ್ಸೆಂಟ್.

ಅಳಿವೆ ಬಾಗಿಲಿನಲ್ಲಿ ನೇತ್ರಾವತಿ, ಗುರುಪುರ ಎರಡೂ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲು ಒಳಗೆ ನುಗ್ಗುತ್ತದೆ. ಮಧ್ಯದಲ್ಲಿ ಮರಳಿನ ದಿಬ್ಬ. ಅಲ್ಲಿ ಬೋಟಿನ ಮೂತಿ ಅಲೆಗೆ ನೇರ ಇರಬೇಕು, ಇಂಜಿನ್ ಎಳೆಯುತ್ತಿರಬೇಕು. ಅಡ್ಡ ತಿರುಗಿದರೆ ಮುಗೀತು. ಈ ಬಾಗಿಲಿನಲ್ಲಿ ಬೋಟು ಮಗುಚಿದ ಕತೆ ದಕ್ಕೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ತಂಡೇಲರು ಸರ್ಚ್‌ಲೈಟ್ ಹಾಕಿದರು, ವೈಪರ್ ಹಾಕಿದರು, ಆಕ್ಸಿಲೇಟರ್ ಕೊಟ್ಟರು. ಮೊದಲ ಅಲೆ ಎತ್ತಿ ಬಿಸಾಡಿತು.

ಡಿಸ್‌ಪ್ಲೇ ಕೆಂಪಾಯಿತು. ಆಯಿಲ್ 0.9. ಟೆಂಪರೇಚರ್ 120 ದಾಟಿ ಅಲ್ಲೇ ಮಿಣುಕುತ್ತಿದೆ. ಬೀಪ್ ಬೀಪ್ ಬೀಪ್.

ನನ್ನ ಹೊಟ್ಟೆಯೊಳಗೆ ಏನೋ ಜಾರಿತು. ಆಯಿಲ್ ಇಲ್ಲದೆ ಇಂಜಿನ್ ಎಷ್ಟು ಹೊತ್ತು ಬಾಳುತ್ತದೆ? ಕ್ರ್ಯಾಂಕ್ ಹಿಡಿದುಕೊಂಡರೆ ಮಾಲಕರಿಗೆ ಲಕ್ಷಗಟ್ಟಲೆ, ನನಗೆ ಜೀವಮಾನದ ಕೆಟ್ಟ ಹೆಸರು. "ಆಫ್ ಮಾಡಿ! ಇಂಜಿನ್ ಆಫ್ ಮಾಡಿ!" ಅಂತ ಕೂಗಿದೆ. ತಂಡೇಲರು ತಿರುಗಿ ನೋಡಲಿಲ್ಲ. ಅವರ ಕಣ್ಣು ಅಲೆಯ ಮೇಲೆ. ನಾನೇ ಸ್ಟಾಪ್ ಹ್ಯಾಂಡಲಿಗೆ ಕೈ ಹಾಕಿದೆ. ಆಗಲೇ ಪೆಟ್ಟು ಬಿದ್ದದ್ದು.

"ಇಂಜಿನ್ ಸೌಂಡ್ ಕೇಳು ಮೊದಲು!" ಅಂದರು. ಹಿಂದೆಯೇ ತುಳುವಿನಲ್ಲಿ ಇನ್ನೂ ಎರಡು ಮಾತು. ಅವು ಇಲ್ಲಿ ಬೇಡ.

ಡ್ರೈವರ್ ಆಗಲೇ ಕೆಳಗೆ ಇಳಿದಿದ್ದರು. ಅಭ್ಯಾಸ ನೋಡಿ, ಮೊದಲು ಟಾರ್ಚ್ ಬಿಟ್ಟದ್ದು ಹಳೇ ಗೇಜ್ ಇದ್ದ ಜಾಗಕ್ಕೆ. ಅಲ್ಲಿ ನನ್ನ ಹೊಳೆಯುವ ಹಿತ್ತಾಳೆ ಪ್ಲಗ್. ಅವರು ಸ್ಪ್ಯಾನರ್ ತೆಗೆದುಕೊಂಡು ಅದೇ ಪ್ಲಗ್ಗನ್ನು ಅರ್ಧ ಸುತ್ತು ಸಡಿಲ ಮಾಡಿದರು. ಬಿಸಿ ಆಯಿಲ್ ಪಿಚಕಾರಿಯ ಹಾಗೆ ಅಂಗಿಯ ಮೇಲೆ ಹಾರಿತು. ಪ್ಲಗ್ ಬಿಗಿ ಮಾಡಿ, ಮೆಟ್ಟಿಲಿನಿಂದ ತಲೆ ಹೊರಗೆ ಹಾಕಿ ಕೂಗಿದರು: "ಆಯಿಲ್ ಉಂಟು! ಹೋಗ್ಲಿ, ಹೋಗ್ಲಿ!"

ಇದೆಲ್ಲ ಆದದ್ದು ಎರಡು ನಿಮಿಷ ಇರಬಹುದು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಆ ಬೀಪ್ ಕೇಳುತ್ತಾ ನಿಂತಿದ್ದೆ. ಆಗ ತಂಡೇಲರು ಒಮ್ಮೆ ಡಿಸ್‌ಪ್ಲೇ ಕಡೆ ಓರೆಗಣ್ಣು ಹಾಯಿಸಿ ಕೇಳಿದರು. "ಡೀಸೆಲ್ ಸಹ ಕುಡಿದುಬಿಟ್ಟಿತಾ ನಿಮ್ಮ ಟಿವಿ?"

ನೋಡಿದೆ. 70 ಇದ್ದ ಟ್ಯಾಂಕ್ 25ಕ್ಕೆ ಇಳಿದಿತ್ತು. ಎರಡೂ.

ಅಷ್ಟು ಹೊತ್ತು ಅದು ನನ್ನ ಕಣ್ಣೆದುರೇ ಇತ್ತು. ಟ್ಯಾಂಕ್ ಸಮೇತ ಒಡೆದರೂ ಒಂದು ಸೆಕೆಂಡಿನಲ್ಲಿ ಅರ್ಧ ಡೀಸೆಲ್ ಹೋಗುತ್ತದಾ? ಅಷ್ಟು ದೊಡ್ಡ ಕಬ್ಬಿಣದ ಇಂಜಿನ್, ಒಳಗೆ ಅಷ್ಟು ನೀರು, ಕಣ್ಣು ಮಿಟುಕಿಸುವುದರಲ್ಲಿ 82ರಿಂದ 120ಕ್ಕೆ ಏರುತ್ತದಾ? ಒಂದು ಲೋಟ ಚಾ ಕುದಿಯುವುದಕ್ಕೂ ಐದು ನಿಮಿಷ ಬೇಕು. ಇಂಜಿನ್ ಹಿಡಿದುಕೊಳ್ಳುವುದಾದರೆ ಆರ್‌ಪಿಎಂ ಸಹ ಬೀಳಬೇಕು, ಅದು ಅಲ್ಲಾಡಿರಲೇ ಇಲ್ಲ. ಕೆಂಪು ಬಣ್ಣ ನೋಡಿದ್ದೇ ನಾನು ಯೋಚನೆ ಮಾಡುವುದನ್ನು ನಿಲ್ಲಿಸಿದ್ದೆ.

ಅಳಿವೆ ದಾಟಿತು. ಬೆಳಕು ಹರಿಯಿತು, ಮಳೆ ನಿಂತಿತು. ತಂಡೇಲರು ಸರ್ಚ್‌ಲೈಟು, ವೈಪರು ಎರಡೂ ಆಫ್ ಮಾಡಿದರು. ಆಯಿಲ್ 4.2. ಟೆಂಪರೇಚರ್ 83. ಡೀಸೆಲ್ 70. ಏನೂ ಆಗದವರ ಹಾಗೆ.

"ಸೆಂಡರ್ ಎಲ್ಲೋ ಲೂಸ್ ಇರಬೇಕು" ಅಂದೆ. ಏನಾದರೂ ಹೇಳಬೇಕಲ್ಲ.

"ನಾಲ್ಕೂ ಒಟ್ಟಿಗೆ ಲೂಸಾ?" ಅಂದರು ಡ್ರೈವರ್, ಅಂಗಿಯ ಆಯಿಲ್ ಒರೆಸಿಕೊಳ್ಳುತ್ತಾ. ಕಲಾಸಿಗಳೆಲ್ಲ ನಕ್ಕರು. ನಗಲಿ ಬಿಡಿ, ನಗುವಂಥದ್ದೇ.

ಆ ಮಾತೇ ತಲೆಯಲ್ಲಿ ಕೂತಿತು. ನಾಲ್ಕೂ ಒಟ್ಟಿಗೆ. ನಾಲ್ಕಕ್ಕೂ ಒಂದೇ ಇರುವುದು ಏನು? ಕರೆಂಟ್ ವಾಪಸು ಹೋಗುವ ನೆಗೆಟಿವ್ ದಾರಿ, ಅರ್ಥ್. ವಾಪಸು ಬರುವಾಗ ತಂಡೇಲರ ಹತ್ತಿರ ಬೇಡಿಕೊಂಡು ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿಸಿದೆ. ಸರ್ಚ್‌ಲೈಟ್ ಹಾಕಿದರೆ ಆಯಿಲ್ ಇಳಿಯುತ್ತದೆ. ವೈಪರ್ ಹಾಕಿದರೆ ಇನ್ನೂ ಸ್ವಲ್ಪ. ಫ್ಯಾನಿಗೂ ಸ್ವಲ್ಪ. ಉದ್ದ ವೈರಿನ ತುಂಡೊಂದನ್ನು ಇಂಜಿನ್ ಬ್ಲಾಕಿಗೆ ಕಟ್ಟಿ ಮೇಲೆ ತಂದೆ. ಮಲ್ಟಿಮೀಟರಿನ ಒಂದು ಕಡ್ಡಿ ಅದಕ್ಕೆ, ಇನ್ನೊಂದು ಕ್ಯಾಬಿನ್ನಿನ ನೆಗೆಟಿವ್ ಪಟ್ಟಿಗೆ. ಎಲ್ಲ ಆಫ್ ಇದ್ದಾಗ 0.07 ವೋಲ್ಟ್. ಎಲ್ಲ ಹಾಕಿದರೆ 0.9.

ಅಷ್ಟೇ ವಿಷಯ. ಕ್ಯಾಬಿನ್ನಿನಿಂದ ಬ್ಯಾಟರಿಗೆ ಹೋಗುವ ನೆಗೆಟಿವ್ ವೈರ್ ಹಳೆಯದು, 6 ಸ್ಕ್ವೇರ್ ಎಂಎಂ, ಸುಮಾರು 14 ಮೀಟರ್. ಅದರ ತುದಿ ಬಿಗಿಯುವ ಲಗ್ಗಿನಲ್ಲಿ ಹಸಿರು ಕಿಲುಬು. ಸರ್ಚ್‌ಲೈಟಿನ ಕರೆಂಟ್ ಅದರಲ್ಲೇ ವಾಪಸು ಹೋಗಬೇಕು, ನನ್ನ ನೆಟ್‌ವರ್ಕಿನ ನೆಗೆಟಿವ್ ಸಹ ಅದೇ. ಕನ್ವರ್ಟರ್ ಕೂತದ್ದು ಇಂಜಿನ್ ರೂಮಿನಲ್ಲಾದರೂ ಅದು ನೋಡುವ ಅರ್ಥ್ ಕ್ಯಾಬಿನ್ನಿನದು, ಸೆಂಡರುಗಳ ಅರ್ಥ್ ಬ್ಲಾಕಿನದು. ಮಧ್ಯದ 0.9 ವೋಲ್ಟ್ ನಾಲ್ಕೂ ಸೆಂಡರಿನ ರೀಡಿಂಗಿನಿಂದ ಕಳೆದುಹೋಗುತ್ತಿತ್ತು. ಆಯಿಲ್ ಮತ್ತು ಡೀಸೆಲ್ ಸೆಂಡರಿಗೆ ವೋಲ್ಟೇಜ್ ಕಡಿಮೆಯಾದರೆ ನಂಬರೂ ಕಡಿಮೆ. ಟೆಂಪರೇಚರಿನದು ಉಲ್ಟಾ, ಕಡಿಮೆಯಾದಷ್ಟೂ ಬಿಸಿ. ಇಂಜಿನ್ ಸಾಯುವಾಗ ಹೇಗೆ ಕಾಣಬೇಕೋ ಕರೆಕ್ಟಾಗಿ ಹಾಗೆಯೇ.

ಲಗ್ ಕತ್ತರಿಸಿ ಹೊಸದು ಹಾಕಿದಾಗ 0.4ಕ್ಕೆ ಇಳಿಯಿತು. ಅದೂ ಜಾಸ್ತಿಯೇ. ಕೊನೆಗೆ ಬ್ಯಾಟರಿಯಿಂದ ನೇರ ಎರಡು ವೈರ್ ಎಳೆದು, ಬೇರೆ ಫ್ಯೂಸ್ ಕೊಟ್ಟೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಎರಡು ಗಂಟೆ ಹಿಡಿಯಿತು. ಈಗ ಸರ್ಚ್‌ಲೈಟ್ ಹಾಕಿದರೆ ಆಯಿಲ್ ನಂಬರ್ ಕದಲುವುದಿಲ್ಲ. ಹಾಂ, ಈ ಸಲ ಎಲ್ಲ ಲೋಡ್ ಹಾಕಿ, ರಾತ್ರಿ ಹೊತ್ತಿನಲ್ಲೇ ಟೆಸ್ಟ್ ಮಾಡಿದೆ.

ಬಜರ್ ವಾಪಸು ಹಾಕಿದೆ. ಹಳೇ ಗೇಜ್ ನಮ್ಮ ಅಂಗಡಿಯ ಗುಜರಿ ಡಬ್ಬಿಯಲ್ಲಿ ಸಿಕ್ಕಿತು, ಪುಣ್ಯಕ್ಕೆ ಯಾರೂ ತೂಕಕ್ಕೆ ಹಾಕಿರಲಿಲ್ಲ. ಗ್ಲಾಸ್ ಉಜ್ಜಿ ತೊಳೆದು ಇದ್ದ ಜಾಗದಲ್ಲೇ ಕೂರಿಸಿದೆ. ಡ್ರೈವರ್ ಏನೂ ಹೇಳಲಿಲ್ಲ. ಟಾರ್ಚ್ ಬಿಟ್ಟು ಒಮ್ಮೆ ಮುಳ್ಳು ನೋಡಿ, ಹೋಗಿ ಚಾ ತಂದುಕೊಟ್ಟರು.

ಕೇಬಲ್ಲಿನ ದುಡ್ಡಿನ ಬಗ್ಗೆ ಆಫೀಸಿನಲ್ಲಿ ಮೂರು ದಿನ ಜಗಳ ನಡೆಯಿತು. ಕೊಟೇಶನ್‌ನಲ್ಲಿ ಇಲ್ಲದ್ದು ಹೇಗೆ ಹಾಕಿದೆ ಅಂತ. ಅಳಿವೆಯ ಕತೆ ಹೇಳಿದೆ. "ಏನೂ ಆಗಲಿಲ್ಲವಲ್ಲ" ಅಂದರು. ಹೋದ ವಾರ ಇನ್ನೊಂದು ಬೋಟಿನ ಕೊಟೇಶನ್ ನನ್ನ ಟೇಬಲ್ಲಿಗೆ ಬಂತು. ಡಿಸ್‌ಪ್ಲೇ ಎರಡು, ಸೆಂಡರ್ ನಾಲ್ಕು, ಲೇಬರ್ ಇಷ್ಟು. ಲೇಬರಿನ ಮೇಲೆ ಸ್ವಲ್ಪ ಜಾಗ ಇತ್ತು. ಪೆನ್ನಿನಲ್ಲಿ ನಾನೇ ಬರೆದೆ: ಕೇಬಲ್, 30 ಮೀಟರ್.