ಗಣಿತದ ಸಾರ್ ಮತ್ತು ಐದು ತಂತಿಯ ಬ್ಯಾಂಜೋ

1982ರಲ್ಲಿ ನಾನು ಮುಂಬಯಿಯ ಫೋರ್ಟಿನ ನಮ್ಮ ಕನ್ನಡ ರಾತ್ರಿ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಸೇರಿದೆ. ಹಗಲೆಲ್ಲ ಹೋಟೆಲ್ ಕೆಲಸ, ಸಂಜೆಯಾದರೆ ಶಾಲೆ. ಗಣಿತದ ಸಾರ್ ಕೂಡ ಹಗಲು ಬ್ಯಾಂಕಿನಲ್ಲಿ ದುಡಿದು ಬರುತ್ತಿದ್ದರು. ಶನಿವಾರ ಮಾತ್ರ ಅವರ ಕೈಯಲ್ಲಿ ಒಂದು ಉದ್ದನೆಯ ಪೆಟ್ಟಿಗೆ ಇರುತ್ತಿತ್ತು.

ಮುಂಬಯಿಯಲ್ಲಿ ಬ್ಯಾಂಜೋ ಅಂದರೆ ಗಣಪತಿ ಮೆರವಣಿಗೆಯ ವಾದ್ಯ ಅಲ್ವಾ? ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ ಬುಲ್‌ಬುಲ್ ತರಂಗ್. ಸಾರ್ ಪೆಟ್ಟಿಗೆಯಲ್ಲಿ ಇದ್ದದ್ದು ಬೇರೆ ಬ್ಯಾಂಜೋ. ಆಫ್ರಿಕಾದಿಂದ ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಕೈಯಲ್ಲಿ ಬೆಳೆದ ವಾದ್ಯ ಅದು. ದುಂಡನೆಯ ಬಳೆಗೆ ಬಿಗಿದ ಚರ್ಮ, ಐದು ತಂತಿ. ಐದನೆಯದು ಮಾತ್ರ ಗಿಡ್ಡ, ಅದರ ಬಿರಡೆ ಕುತ್ತಿಗೆಯ ಪಕ್ಕದಲ್ಲೇ.

ಮೂರ್ನಾಲ್ಕು ಸ್ವರ ಒಟ್ಟಿಗೆ ನುಡಿದರೆ ಕಾರ್ಡ್. ಅದನ್ನೇ ಒಂದೊಂದಾಗಿ ಬಿಡಿಸಿ ನುಡಿಸಿದರೆ ಆರ್ಪೆಜಿಯೋ. ತಂತಿ ಒತ್ತದೆ ಮೂರನೇದು, ಎರಡನೇದು, ಒಂದನೇದು ಮೀಟಿದರೆ ಜಿ ಮೇಜರ್ ಅನ್ನುವ ಕಾರ್ಡ್, ಅಂದರೆ ಸ–ಗ–ಪ. ಒಂದನೇ ತಂತಿಯನ್ನು ಐದನೇ ಫ್ರೆಟ್ಟಿನಲ್ಲಿ, ಅಂದರೆ ಕುತ್ತಿಗೆಯ ಮೇಲಿನ ಐದನೇ ಅಡ್ಡಪಟ್ಟಿಯ ಹತ್ತಿರ ಒತ್ತಿದರೆ ಮೇಲಿನ ಸ. ಊರಿನ ಭಜನೆಯಲ್ಲಿ ಬೆಳೆದ ನನಗೆ ಇದು ತಕ್ಷಣ ಹಿಡಿಸಿತು.

ಬಲಗೈಗೆ ಸಾರ್ ಕೊಟ್ಟ ಪಾಠ ಹೆಬ್ಬೆರಳು, ತೋರುಬೆರಳು, ನಡುಬೆರಳು. ಎಂಟು ಮೀಟು: ಮೂರು, ಮೂರು, ಎರಡು. "ತಕಿಟ ತಕಿಟ ತಕ" ಅಂತ ಬಾಯಲ್ಲಿ ಹೇಳಿಸುತ್ತಿದ್ದರು. ವಿಟಿ ಸ್ಟೇಷನ್ನಿನಿಂದ ವಡಾಲಾ ತನಕ ಲೋಕಲ್ ರೈಲಿನಲ್ಲಿ ತೊಡೆಯ ಮೇಲೆ ಅದನ್ನೇ ಬಾರಿಸುತ್ತಿದ್ದೆ.

ಕಷ್ಟವಾದದ್ದು ಎಡಗೈ. ಐದನೇ ಫ್ರೆಟ್ಟಿನಲ್ಲಿ ಒಂದೇ ಬೆರಳನ್ನು ಅಡ್ಡ ಇಟ್ಟು ಉದ್ದದ ನಾಲ್ಕೂ ತಂತಿ ಒತ್ತಿದರೆ ಸಿ ಕಾರ್ಡ್, ಏಳನೇದರಲ್ಲಿ ಡಿ. ಒಟ್ಟಿಗೆ ಎಳೆದಾಗ ಚೆನ್ನಾಗಿಯೇ ಕೇಳಿಸಿತು. ಬಿಡಿಸಿದರೆ ಎರಡನೇ ತಂತಿ 'ಟಪ್' ಅಂತು, ನಾದವೇ ಇಲ್ಲ.

"ಒಟ್ಟಿಗೆ ಬಾರಿಸಿದ್ರೆ ಮೂರು ತಂತಿ ಸೇರಿ ಒಂದರ ತಪ್ಪು ಮುಚ್ತವೆ ಮಾರಾಯ. ಬಿಡಿಸು, ಯಾವುದು ಅಂತ ಗೊತ್ತಾಗ್ತದೆ."

ಸಾರ್ ನನ್ನ ತೋರುಬೆರಳು ಹಿಡಿದು ನೋಡಿದರು. ಗೆಣ್ಣಿನ ಗೆರೆ ಸರಿಯಾಗಿ ಆ ತಂತಿಯ ಮೇಲೆ ಬೀಳುತ್ತಿತ್ತು. ಗೆರೆಯ ಜಾಗದಲ್ಲಿ ಬೆರಳು ಸ್ವಲ್ಪ ತಗ್ಗು, ತಂತಿ ಅಲ್ಲಿ ಒತ್ತುವುದಿಲ್ಲ. ಬೆರಳನ್ನು ಒಂದು ಎಳೆಯಷ್ಟು ಹೊರಳಿಸಿ, ಎಲುಬಿರುವ ಪಕ್ಕದಿಂದ ಒತ್ತಿಸಿದರು. ಎರಡನೇ ತಂತಿ ನುಡಿಯಿತು! ಆ ಸದ್ದು ಈಗಲೂ ಕಿವಿಯಲ್ಲಿದೆ. ಲೆಕ್ಕದಲ್ಲೂ ಅವರು ಹಾಗೇ. ಉತ್ತರ ಸರಿ ಇದ್ದರೂ ಸುಮ್ನೆ ಒಪ್ಪುತ್ತಿರಲಿಲ್ಲ, ಒಂದೊಂದು ಹೆಜ್ಜೆಯನ್ನೂ ಬರೆಸುತ್ತಿದ್ದರು. ನಾನು ಗಣಿತದಲ್ಲಿ ಪಾಸಾದದ್ದು ಬ್ಯಾಂಜೋದಿಂದಲೇ ಅಂತ ನನ್ನ ನಂಬಿಕೆ.

ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ನಾದ ಮಂಕಾಗುತ್ತದೆ. ಆಗ ಸಾರ್ ಬ್ಯಾಂಜೋವನ್ನು ಮಗುವಿನ ಹಾಗೆ ಎತ್ತಿ ಬಲ್ಬಿನ ಹತ್ತಿರ ಹಿಡಿದು ಕಾಯಿಸುತ್ತಿದ್ದರು. ನಾವು ಬೆಂಚಿನ ಸುತ್ತ ನಿಂತು ಕಾಯುತ್ತಿದ್ದೆವು.

1985ರ ಜೂನ್‌ನಲ್ಲಿ ಎಸ್ಸೆಸ್ಸಿ, ಅಂದರೆ ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನ ಪೇಡೆ ತೆಗೆದುಕೊಂಡು ಹೋದೆ. ಸಾರ್ ಪೇಡೆ ಪಕ್ಕಕ್ಕಿಟ್ಟು ಬ್ಯಾಂಜೋ ಕೊಟ್ಟರು. ಜಿ, ಸಿ, ಡಿ, ಮತ್ತೆ ಜಿ, ನಿಧಾನಕ್ಕೆ ಬಿಡಿಸಿ ನುಡಿಸಿದೆ. ಹೊರಗೆ ಜೋರು ಮಳೆ. ಅವರು ಕಣ್ಣು ಮುಚ್ಚಿ ಕೊನೆತನಕ ಕೇಳಿದರು.

"ಬೆರಳು ಸರಿ ಇದೆ" ಅಂದರು. "ಎರಡನೇ ತಂತಿ ಸ್ವಲ್ಪ ಇಳಿದಿದೆ. ಏರಿಸಿ ಇನ್ನೊಮ್ಮೆ ನುಡಿಸು."