ಬ್ರೂಸ್ ಫೂಟ್ ಓಡಾಡಿದ ಗುಡ್ಡಗಳಲ್ಲಿ

ಬಳ್ಳಾರಿಗೆ ಬಂದವರು ಕೋಟೆ ಹತ್ತಿ, ಹಂಪಿ ಕಡೆ ಹೊರಟುಬಿಡುತ್ತಾರೆ. ನಾನು ಬಂದಿದ್ದು ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ಸಂಗ್ರಹಾಲಯ ನೋಡಲು. ಇಲ್ಲಿರುವ ಕಲ್ಲಿನ ಕೊಡಲಿ, ಮಡಕೆ ಚೂರುಗಳ ಹಿಂದೆ ಧಾರವಾಡದ ಪ್ರೊಫೆಸರ್ ರವಿ ಕೋರಿಶೆಟ್ಟರ್ ಅವರ ದುಡಿಮೆ ಇದೆ. ಆದರೆ ಈ ಹುಡುಕಾಟ ಶುರುವಾಗಿದ್ದು ಫೂಟ್ ಅವರಿಂದ.

ಫೂಟ್ ಸಂಬಳಕ್ಕೆ ಭೂವಿಜ್ಞಾನಿ. 1858ರಲ್ಲಿ ಭಾರತಕ್ಕೆ ಬಂದರು. ಬಂಡೆಗಳ ನಕ್ಷೆ ಮಾಡುವುದು ಅವರ ಕೆಲಸ. ಹಳೇ ಮನುಷ್ಯರನ್ನು ಹುಡುಕಿ ಅಂತ ಯಾರೂ ಹೇಳಿರಲಿಲ್ಲ. ಅದೇ ಹೊತ್ತಿಗೆ ಫ್ರಾನ್ಸ್‌ನ ಸೊಮ್ ನದಿ ಕಣಿವೆಯಲ್ಲಿ ಅಳಿದುಹೋದ ಪ್ರಾಣಿಗಳ ಮೂಳೆ ಜೊತೆಗೇ ಕಲ್ಲಿನ ಆಯುಧ ಸಿಕ್ಕಿದ್ದನ್ನು ವಿದ್ವಾಂಸರು ಒಪ್ಪಿಕೊಂಡಿದ್ದರು. ಅಂದರೆ ಮನುಷ್ಯ ಆ ಪ್ರಾಣಿಗಳಷ್ಟೇ ಹಳಬ. ಅಂಥ ಆಯುಧ ಇಲ್ಲೂ ಯಾಕೆ ಇರಬಾರದು ಅನ್ನಿಸಿತು ಫೂಟ್ ಅವರಿಗೆ. 1863ರ ಮೇ 30ರಂದು ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯಲ್ಲಿ ಒಂದು ಕೈಗೊಡಲಿ, ಅಂದರೆ ಹಿಡಿ ಇಲ್ಲದೆ ಕೈಯಲ್ಲೇ ಹಿಡಿದು ಬಳಸುವ ಹಳೇ ಶಿಲಾಯುಗದ ಕಲ್ಲಿನ ಆಯುಧ, ಸಿಕ್ಕಿತು. ಅಲ್ಲಿಂದ ಅವರು ಕೊನೆತನಕ ಹುಡುಕುತ್ತಲೇ ಇದ್ದರು.

ಅವರು ಹುಡುಕಿದ್ದು ಮಾರಿದರೆ ಕಾಸು ಬರುವ ಚಿನ್ನವಲ್ಲ, ವಿಗ್ರಹವಲ್ಲ. ಆ ಕಲ್ಲು ಯಾವ ಮಣ್ಣಿನ ಪದರದ್ದು, ಆ ಪದರ ಎಷ್ಟು ಹಳೇದು ಅನ್ನೋದೇ ಅವರಿಗೆ ಬೇಕಿತ್ತು. ನನಗೆ ತುಂಬಾ ಇಷ್ಟವಾಗುವುದು ಈ ಹಂಬಲವೇ.

ಮಧ್ಯಾಹ್ನದ ಹೊತ್ತಿಗೆ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಕಡೆ ಹೋದೆ. ಬಿಸಿಲು ಜಾಸ್ತಿ, ನೆರಳು ಕಡಿಮೆ. ಬೂದುಬಣ್ಣದ ಬಂಡೆಗಳ ನಡುವೆ ಕಪ್ಪು ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಹೊಸ ಶಿಲಾಯುಗದ, ಅಂದರೆ ಬೇಸಾಯ, ದನ ಸಾಕಣೆ ಶುರುಮಾಡಿದ ಕಾಲದ ಜನ ಕೊಡಲಿ ಮಾಡುತ್ತಿದ್ದದ್ದು ಈ ಕಲ್ಲಿನಿಂದಲೇ. ಕೊಡಲಿ ಉಜ್ಜಿ ನುಣುಪು ಮಾಡಿದ ತಗ್ಗುಗಳು ಬಂಡೆಯ ಮೇಲೆ ಈಗಲೂ ಇವೆ. ಬೆರಳಾಡಿಸಿದರೆ ತಿಳಿಯುತ್ತದೆ. ಈ ಜಾಗವನ್ನು ಮೊದಲು ಕಂಡವರು ಬಳ್ಳಾರಿಯಲ್ಲಿದ್ದ ಎಂಜಿನಿಯರ್ ಫ್ರೇಸರ್. ಫೂಟ್ ಅದನ್ನು ಹಾಗೇ ಬರೆದರು, ತಮ್ಮದು ಅಂತ ಹೇಳಿಕೊಳ್ಳಲಿಲ್ಲ.

"ಇಲ್ಲಿ ಎತ್ತು ಅದಾವ ನೋಡ್ರಿ ಸರ" ಎಂದ ಜೊತೆಗೆ ಬಂದ ಹುಡುಗ. ಹೌದು, ಕಪ್ಪು ಕಲ್ಲಿನ ಮೇಲೆಲ್ಲ ಕುಟ್ಟಿ ಬಿಡಿಸಿದ ಉದ್ದ ಕೊಂಬಿನ, ಹಿಣಿಲಿನ ದನಗಳ ಚಿತ್ರಗಳು. ಅದೇ ಜನ ಬಿಟ್ಟುಹೋದ, ಈ ಸೀಮೆಯ ಬೂದಿ ತುಂಬಿದ ಮಣ್ಣುಗುಡ್ಡೆಗಳ, ಅಂದರೆ ಬೂದಿದಿಬ್ಬಗಳ, ನೆನಪಾಯಿತು. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ಫೂಟ್ ಇಂಥ ದಿಬ್ಬಗಳಲ್ಲಿ ದನಗಾರರ ಸಗಣಿಯ ಬೂದಿ ಕಂಡರು. ಮುಂದೆ 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನ ಬೂದಿದಿಬ್ಬವನ್ನು ಅಗೆದಾಗ ಅದು ದನದ ದೊಡ್ಡಿಯೇ ಎಂದು ಗೊತ್ತಾಯಿತು.

ಫೂಟ್ ಕೂಡಿಸಿದ ಸಂಗ್ರಹ ಇರುವುದು ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿ. ಮ್ಯೂಸಿಯಂನವರು 1904ರಲ್ಲಿ ಅದನ್ನು ಕೊಂಡುಕೊಂಡರು. 1912ರಲ್ಲಿ ಫೂಟ್ ತೀರಿಹೋದ ಮೇಲೆ, 1914 ಮತ್ತು 1916ರಲ್ಲಿ ಅದರ ಪಟ್ಟಿ, ಟಿಪ್ಪಣಿಗಳು ಅಚ್ಚಾದವು. ಯಾವ ವಸ್ತು ಎಲ್ಲಿ ಸಿಕ್ಕಿತು ಅನ್ನುವುದು ಅದರಲ್ಲಿದೆ. ಊರಿನ ಹೆಸರು ಇದ್ದುದರಿಂದಲೇ ಇವತ್ತಿಗೂ ಸಂಶೋಧಕರು ಅದೇ ಜಾಗಗಳಿಗೆ ಮರಳಿ ಹೋಗಲು ಆಗುತ್ತದೆ.

ಕಪ್ಪಗಲ್ಲಿನಲ್ಲಿ ಕಲ್ಲು ಗಣಿಗಾರಿಕೆ ಗುಡ್ಡದ ಭಾಗಗಳನ್ನು ತಿಂದುಹಾಕಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕೊಡಲಿ ಮಾಡುವಾಗ ಸಿಡಿದ ಚಕ್ಕೆಗಳು ಕಾಲಡಿಯಲ್ಲೇ ಸಿಗುತ್ತವೆ. ದಯವಿಟ್ಟು ಜೇಬಿಗೆ ಹಾಕಿಕೊಳ್ಳಬೇಡಿ.