1.3 ಮಲ್ಟಿಜೆಟ್ ಕೆಲಸದ ದಾಖಲೆ: ಇಂಜೆಕ್ಟರ್, ಇಜಿಆರ್, ಚೈನ್

ಕೆಲಸಕ್ಕೆ ತೆಗೆದುಕೊಂಡಿರುವುದು 1248 ಸಿಸಿ ಮಲ್ಟಿಜೆಟ್ ಡೀಸೆಲ್ ಎಂಜಿನ್, 75 ಪಿಎಸ್ ಆವೃತ್ತಿ. ಕೂತಿರುವುದು 2012ರ ಒಂದು ಹ್ಯಾಚ್‌ಬ್ಯಾಕ್‌ನಲ್ಲಿ, ಮೀಟರ್‌ನಲ್ಲಿ 1,46,000 ಕಿ.ಮೀ. ದೂರು ಮೂರು. ಬೆಳಗಿನ ಮೊದಲ ಸ್ಟಾರ್ಟ್‌ಗೆ ಎರಡು ಮೂರು ಸೆಕೆಂಡ್ ಟೈಮಿಂಗ್ ಚೈನ್ (ಕ್ರ್ಯಾಂಕ್‌ನಿಂದ ವಾಲ್ವ್‌ಗಳ ಕ್ಯಾಮ್ ತಿರುಗಿಸುವ ಚೈನ್) ಗಡಗಡ ಅನ್ನುತ್ತದೆ. ಏರಿನಲ್ಲಿ ಪಿಕಪ್ ಇಲ್ಲ, ಕಾಲು ಒತ್ತಿದಷ್ಟೂ ಕಪ್ಪು ಹೊಗೆ. ಬಾನೆಟ್ ಎತ್ತಿದರೆ ಹೊಗೆಯ ಘಾಟು, ಜೊತೆಗೆ ಎಂಜಿನ್ ತಿರುಗುವ ಲಯಕ್ಕೆ ಸರಿಯಾಗಿ 'ಚುಫ್ ಚುಫ್' ಶಬ್ದ.

ಈ ಎಂಜಿನ್ನನ್ನು ಫಿಯೆಟ್ 2003ರಲ್ಲಿ ಹೊರತಂದಿತು. ನಮ್ಮಲ್ಲಿ ಪುಣೆ ಹತ್ತಿರದ ರಂಜನಗಾಂವ್ ಮತ್ತು ಹರಿಯಾಣದ ಮಾನೇಸರ್‌ನಲ್ಲಿ ತಯಾರಾಗಿ, ಡಿಡಿಐಎಸ್, ಕ್ವಾಡ್ರಾಜೆಟ್ ಎಂಬ ಬೇರೆ ಬೇರೆ ಹೆಸರಿನಲ್ಲಿ ಓಡಿತು. 2020ರಲ್ಲಿ ಬಿಎಸ್6 ಮಾಲಿನ್ಯ ನಿಯಮ ಬಂದ ಮೇಲೆ ನಿಂತಿತು. ಬೋರ್ 69.6 ಮಿ.ಮೀ., ಸ್ಟ್ರೋಕ್ 82 ಮಿ.ಮೀ., ಬೀಡು ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, 16 ವಾಲ್ವ್. 190 ಎನ್‌ಎಂ ಟಾರ್ಕ್ ಸಿಗುವುದು 2000 ಆರ್‌ಪಿಎಂನಲ್ಲಿ. ಅದಕ್ಕಿಂತ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ, 1.3 ಲೀಟರ್‌ನ ಪುಟ್ಟ ಎಂಜಿನ್ ಒಂದೇ ಗಾಡಿಯನ್ನು ಎಳೆಯಬೇಕು. ಆಗುಂಬೆಯ ತಿರುವಿನಲ್ಲಿ ಎರಡನೇ ಗೇರ್‌ನಲ್ಲೇ ಉಳಿದು ಆರ್‌ಪಿಎಂ 1500ಕ್ಕೆ ಇಳಿಸಿಕೊಂಡರೆ ಹೊಸ ಎಂಜಿನ್ ಕೂಡ ಮಂಕಾಗುತ್ತದೆ. 75 ಪಿಎಸ್ ಆವೃತ್ತಿಯ ಟರ್ಬೊ ಸ್ಥಿರ ಜ್ಯಾಮಿತಿಯದು, ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟನ್ನು ಬದಿಗೆ ಬಿಡುವ ಬಾಗಿಲು) ಇರುವಂಥದ್ದು. 90 ಪಿಎಸ್‌ನಲ್ಲಿ ಒಳಗಿನ ವೇನ್‌ಗಳು (ಪುಟ್ಟ ರೆಕ್ಕೆಗಳು) ತಿರುಗುವ ವಿಜಿಟಿ ಟರ್ಬೊ ಇರುವುದರಿಂದ ಈ ಮಂಕು ಅಲ್ಲಿ ಕಡಿಮೆ. ಹಾಗಾಗಿ ಪಿಕಪ್ ಇಲ್ಲ ಎಂಬ ದೂರು ಬಂದರೆ ಮೊದಲು ಕೇಳಬೇಕಾದ್ದು, ಎಷ್ಟು ಆರ್‌ಪಿಎಂನಲ್ಲಿ ಎಂದು. ಈ ಗಾಡಿಯಲ್ಲಿ 2500ರ ಮೇಲೂ ಎಳೆತವಿಲ್ಲ, ಅಂದರೆ ಇದು ನಿಜವಾದ ದೋಷ.

ಬಿಚ್ಚುವ ಮೊದಲು ಓದಿದ್ದು

ಸ್ಕ್ಯಾನರ್‌ನಲ್ಲಿ ಮೂರು ಕೋಡ್. ಪಿ0401, ಇಜಿಆರ್ (ಎಕ್ಸಾಸ್ಟ್‌ನ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಹರಿವು ಸಾಲದು. ಪಿ0299, ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿಯ ಒತ್ತಡ) ಕಡಿಮೆ. ಪಿ0016, ಕ್ರ್ಯಾಂಕ್‌ಗೂ ಕ್ಯಾಮ್‌ಗೂ ತಾಳೆ ಇಲ್ಲ. ಮೊದಲೆರಡನ್ನು ನಿಧಾನವಾಗಿ ನೋಡಬಹುದು. ಮೂರನೆಯದರ ಜೊತೆ ಚೈನ್ ಸದ್ದೂ ಇದ್ದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಚೈನ್ ಒಂದು ಹಲ್ಲು ಹಾರಿದರೂ ವಾಲ್ವ್ ಪಿಸ್ಟನ್‌ಗೆ ತಾಗುವ ಅಪಾಯವಿದೆ.

ಕೀ ಆನ್, ಎಂಜಿನ್ ಆಫ್ ಇಟ್ಟು, ಇನ್‌ಟೇಕ್ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಓದುವುದು ಎರಡು ನಿಮಿಷದ ಕೆಲಸ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 1010 ಮಿಲಿಬಾರ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 910. ಬೆಂಗಳೂರಿನಲ್ಲಿ 1010 ತೋರಿಸುವ ಸೆನ್ಸರ್ ಸರಿಯಾಗಿದೆ ಅಂದುಕೊಳ್ಳಬಾರದು. ಇಲ್ಲಿ ತೋರಿಸಿದ್ದು 960. ಬಿಚ್ಚಿ ನೋಡಿದರೆ ಮೂತಿಯ ತುಂಬ ಮಸಿ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಗಾಳಿಗೆ ಒಣಗಿಸಿ ಕೂರಿಸಿದ ಮೇಲೆ 912ಕ್ಕೆ ಬಂತು. ಕಾರ್ಬ್ ಕ್ಲೀನರ್ ಇಲ್ಲಿ ಬೇಡ, ತಂತಿ ಬ್ರಷ್ ಅಂತೂ ಬೇಡವೇ ಬೇಡ.

ಕಾಮನ್ ರೈಲ್ (ನಾಲ್ಕೂ ಇಂಜೆಕ್ಟರ್‌ಗೆ ಡೀಸೆಲ್ ಹಂಚುವ ಒತ್ತಡದ ಕೊಳವೆ) ಒತ್ತಡ ಐಡಲ್‌ನಲ್ಲಿ 280 ಬಾರ್, ಅಲುಗಾಟ ಇಲ್ಲ. ಈ ವರ್ಗದ ಎಂಜಿನ್‌ಗಳಲ್ಲಿ 250ರಿಂದ 300ರ ಆಸುಪಾಸು ಇದ್ದರೆ ಸರಿ. ಕ್ರ್ಯಾಂಕ್ ಮಾಡುವಾಗ 150ರಿಂದ 200 ಬಾರ್ ಮುಟ್ಟದಿದ್ದರೆ ಇಸಿಯು (ಎಂಜಿನ್‌ನ ಕಂಪ್ಯೂಟರ್) ಇಂಜೆಕ್ಟರ್ ತೆರೆಯುವುದೇ ಇಲ್ಲ. 'ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ' ಎಂಬ ಗಾಡಿಗಳಲ್ಲಿ ಮೊದಲು ನೋಡಬೇಕಾದ ಅಂಕಿ ಇದು. ಒತ್ತಡ ಏರದಿದ್ದರೆ ಕಾರಣ ಹೆಚ್ಚಾಗಿ ಫಿಲ್ಟರ್ ಕಟ್ಟಿರುವುದು, ಲೈನ್‌ನಲ್ಲಿ ಏರ್ ಹಿಡಿದಿರುವುದು ಅಥವಾ ಯಾವುದಾದರೂ ಇಂಜೆಕ್ಟರ್ ರಿಟರ್ನ್‌ಗೆ (ಮಿಕ್ಕ ಡೀಸೆಲ್ ವಾಪಸ್ ಹೋಗುವ ಪೈಪಿಗೆ) ಡೀಸೆಲ್ ಸುರಿಯುತ್ತಿರುವುದು. ಪಂಪಿನ ಮೇಲೆ ಅನುಮಾನ ಕೊನೆಗೆ ಬರಲಿ.

ರಿಟರ್ನ್ ಪರೀಕ್ಷೆಗೆ ನಾಲ್ಕು ಒಂದೇ ಅಳತೆಯ ಬಾಟಲಿ, ನಾಲ್ಕು ಪಾರದರ್ಶಕ ಪೈಪು ಸಾಕು. ಪ್ರತಿ ಇಂಜೆಕ್ಟರ್‌ನ ರಿಟರ್ನ್ ಒಂದೊಂದು ಬಾಟಲಿಗೆ, ಮೂಲ ರಿಟರ್ನ್ ಪೈಪಿನ ಬಾಯಿ ಬಂದ್, ಮೂರು ನಿಮಿಷ ಐಡಲ್. ಎಷ್ಟು ಎಂಎಲ್ ಬಿತ್ತು ಎಂಬುದಕ್ಕಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಒಂದು ಬಾಟಲಿ ಉಳಿದವುಗಳ ಎರಡು ಪಟ್ಟು ತುಂಬಿದರೆ ಆ ಇಂಜೆಕ್ಟರ್‌ನ ಒಳಗಿನ ಕಂಟ್ರೋಲ್ ವಾಲ್ವ್ ಸವೆದಿದೆ. ಇಲ್ಲಿ ನಾಲ್ಕೂ ಹೆಚ್ಚುಕಡಿಮೆ ಸಮ.

ಇಲ್ಲೊಂದು ಎಚ್ಚರಿಕೆ. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಓಡುತ್ತಿರುವಾಗಲೇ ಒಂದೊಂದೇ ಇಂಜೆಕ್ಟರ್ ಪೈಪ್ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ಕಂಡುಹಿಡಿಯುವ ರೂಢಿ ಇತ್ತು. ಕಾಮನ್ ರೈಲ್‌ನಲ್ಲಿ ಇದನ್ನು ಎಂದಿಗೂ ಮಾಡಬಾರದು. ಲೋಡ್‌ನಲ್ಲಿ ಸಾವಿರ ಬಾರ್ ದಾಟುವ ಒತ್ತಡ ಅದು, ಐಡಲ್‌ನಲ್ಲೂ ಆ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ, ಸ್ಕ್ಯಾನರ್‌ನಲ್ಲಿ ಒತ್ತಡ ಇಳಿದದ್ದನ್ನು ನೋಡಿಕೊಂಡೇ ಪೈಪಿಗೆ ಕೈ ಹಾಕಬೇಕು.

ಇಂಜೆಕ್ಟರ್ ವಾಷರ್

ಚುಫ್ ಶಬ್ದದ ಮೂಲ ಮೂರನೇ ಸಿಲಿಂಡರ್. ಇಂಜೆಕ್ಟರ್ ಬುಡದ ಸುತ್ತ ಟಾರಿನಂಥ ಕಪ್ಪು ಕಿಟ್ಟ ಗಟ್ಟಿಯಾಗಿ ಕೂತಿತ್ತು. ಬುಡದ ತಾಮ್ರದ ವಾಷರ್ ಸೀಲ್ ಬಿಟ್ಟರೆ ದಹನದ ಅನಿಲ ಇಂಜೆಕ್ಟರ್ ಮೈ ಹಿಡಿದು ಮೇಲೆ ಬರುತ್ತದೆ, ದಾರಿಯಲ್ಲಿ ಎಣ್ಣೆಯ ಪಸೆ ಸೇರಿ ಕರಕಲಾಗುತ್ತದೆ. ಬೇಗ ಹಿಡಿದರೆ ಒಂದು ವಾಷರ್‌ನ ಖರ್ಚು. ತಡವಾದರೆ ಹೆಡ್‌ನಲ್ಲಿ ಇಂಜೆಕ್ಟರ್ ಕೂರುವ ಸೀಟೇ ಕೊರೆದುಹೋಗುತ್ತದೆ.

ತೆಗೆಯುವ ಮೊದಲು ಕಿಟ್ಟದ ಮೇಲೆ ಪೆನೆಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿಯಿಡೀ ಬಿಡಲಾಯಿತು. ಕ್ಲ್ಯಾಂಪ್ ತೆಗೆದ ಮೇಲೆ ಇಂಜೆಕ್ಟರನ್ನು ಸ್ಪ್ಯಾನರ್‌ನಿಂದ ಎಡಕ್ಕೆ ಬಲಕ್ಕೆ ಒಂದೆರಡು ಡಿಗ್ರಿ ಅಲುಗಿಸುತ್ತ ಸಡಿಲಿಸಬೇಕು. ತಲೆಯ ಸೊಲೆನಾಯ್ಡ್ ಭಾಗಕ್ಕೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ಇಂಜೆಕ್ಟರ್ ಹೋಯಿತು ಎಂದೇ ಲೆಕ್ಕ. ಹಳೆಯ ವಾಷರ್ ಕೆಳಗೇ ಅಂಟಿ ಉಳಿಯುವುದು ಸಾಮಾನ್ಯ. ಅದನ್ನು ನೋಡದೆ ಮೇಲೊಂದು ಹೊಸದು ಹಾಕಿದರೆ ನಾಜಲ್ ಎತ್ತರಕ್ಕೆ ಹೋಗಿ ಸ್ಪ್ರೇ ಪಿಸ್ಟನ್ ಬಟ್ಟಲಿನಲ್ಲಿ ಸರಿಯಾಗಿ ಬೀಳುವುದಿಲ್ಲ. ಹೊಗೆ ಮೊದಲಿಗಿಂತ ಹೆಚ್ಚಾಗುತ್ತದೆ.

ಸೀಟ್ ಶುಚಿಗೆ ಸೀಟ್ ಕಟರ್, ಅದರ ತುದಿಗೆ ಗ್ರೀಸ್. ಕಾರ್ಬನ್ ಪುಡಿ ಗ್ರೀಸ್‌ಗೆ ಅಂಟಿಕೊಂಡು ಮೇಲೆ ಬರುತ್ತದೆ, ಸಿಲಿಂಡರ್‌ಗೆ ಬೀಳುವುದಿಲ್ಲ. ಕೈಯಿಂದಲೇ ಎರಡು ಮೂರು ಸುತ್ತು, ಸೀಟ್ ಹೊಳೆದ ತಕ್ಷಣ ನಿಲ್ಲಿಸಬೇಕು. ಹೊಸ ವಾಷರ್ ಹಳೆಯದರಷ್ಟೇ ದಪ್ಪವಿರಬೇಕು, ಕ್ಲ್ಯಾಂಪ್ ಬೋಲ್ಟ್ ಹೊಸದಿರಬೇಕು. ಮೂರರದ್ದು ಬಿಚ್ಚಿದ ಮೇಲೆ ಉಳಿದ ಮೂರನ್ನೂ ಬದಲಿಸುವುದೇ ವಿವೇಕ, ಅವಕ್ಕೂ ಅಷ್ಟೇ ವಯಸ್ಸು.

ಇಂಜೆಕ್ಟರ್‌ಗಳನ್ನು ತೆಗೆದ ಸಿಲಿಂಡರ್‌ಗೇ ವಾಪಸ್ ಹಾಕಬೇಕು. ಹೊಸದು ಹಾಕಿದರೆ ಅಥವಾ ಜಾಗ ಬದಲಾದರೆ ಅದರ ಮೈಮೇಲೆ ಕೊರೆದ ಸಂಕೇತವನ್ನು ಸ್ಕ್ಯಾನರ್ ಮೂಲಕ ಇಸಿಯುಗೆ ಬರೆಯಬೇಕು. ಮಲ್ಟಿಜೆಟ್ ಒಂದು ಸೈಕಲ್‌ನಲ್ಲಿ ಐದು ಸಲದವರೆಗೆ ಡೀಸೆಲ್ ಚಿಮ್ಮಿಸಬಲ್ಲದು. ಮೊದಲ ಪುಟ್ಟ ಚಿಮ್ಮುಗಳ ಅಳತೆ ಒಂದೆರಡು ಮಿಲಿಗ್ರಾಂ ಅಷ್ಟೇ, ಸಂಕೇತ ತಪ್ಪಿದರೆ ಮೊದಲು ಕೆಡುವುದು ಅದೇ. ಐಡಲ್ ಕರಕರ ಅನ್ನುತ್ತದೆ.

ಇದೇ ಅವಕಾಶದಲ್ಲಿ ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಪರೀಕ್ಷೆ. ಗ್ಲೋ ಪ್ಲಗ್ (ಸ್ಟಾರ್ಟ್‌ಗೆ ಮೊದಲು ಸಿಲಿಂಡರ್ ಬಿಸಿ ಮಾಡುವ ಪ್ಲಗ್) ತೂತಿನಿಂದ ಅಳೆಯುವುದು ಸುಲಭ, ಆದರೆ ಪ್ಲಗ್ ಮುರಿಯದಂತೆ ತೆಗೆಯುವುದೇ ಕಷ್ಟ. ಎಂಜಿನ್ ಬಿಸಿ ಇರುವಾಗಲೇ ಸಡಿಲಿಸಬೇಕು. ಎಂ8 ಎಳೆಯ ಪ್ಲಗ್ 20 ಎನ್‌ಎಂಗೂ ಬಗ್ಗದಿದ್ದರೆ ಬಲ ಹಾಕದೆ ಮತ್ತೆ ಆಯಿಲ್ ಹಾಕಿ ಕಾಯಬೇಕು. ವಾಪಸ್ ಬಿಗಿಸುವುದು 10 ಎನ್‌ಎಂ. ನಾಲ್ಕೂ ಸಿಲಿಂಡರ್ 25ರಿಂದ 27 ಬಾರ್ ನಡುವೆ ಬಂದವು, ರಿಂಗ್ ಮತ್ತು ವಾಲ್ವ್ ಚೆನ್ನಾಗಿವೆ. ಇದು ತಿಳಿದ ಮೇಲಷ್ಟೇ ಚೈನ್‌ಗೆ ಹಣ ಹಾಕುವ ತೀರ್ಮಾನ.

ಇಜಿಆರ್ ಮತ್ತು ಇನ್‌ಟೇಕ್

ಎಕ್ಸಾಸ್ಟ್‌ನ ಒಣ ಮಸಿಗೆ ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆ ಆವಿ ಬೆರೆತು ಹಲ್ವದಂಥ ಪೇಸ್ಟ್ ಆಗಿತ್ತು. ಇಜಿಆರ್ ವಾಲ್ವ್ ಅರ್ಧ ತೆರೆದಲ್ಲೇ ಕಚ್ಚಿಕೊಂಡಿತ್ತು. ಅಲ್ಲಿಗೆ ಕಪ್ಪು ಹೊಗೆಯ ಅರ್ಧ ಕಾರಣ ಸಿಕ್ಕಿತು: ಕಾಲು ಒತ್ತಿದಾಗ ವಾಲ್ವ್ ಮುಚ್ಚಿ ಪೂರ್ತಿ ತಾಜಾ ಗಾಳಿ ಹೋಗಬೇಕಿತ್ತು, ಹೋಗುತ್ತಿದ್ದುದು ಹೊಗೆ ಬೆರೆತ ಗಾಳಿ. ಕಾರ್ಬ್ ಕ್ಲೀನರ್‌ನಲ್ಲಿ ವಾಲ್ವ್ ಭಾಗ ಮಾತ್ರ ನೆನೆಸಿ, ವಿದ್ಯುತ್ ಭಾಗ ಮೇಲಿಟ್ಟು ಉಜ್ಜಿದ್ದು. ಹೊಸ ಗ್ಯಾಸ್ಕೆಟ್, ಸ್ಕ್ಯಾನರ್‌ನಲ್ಲಿ ಅಡಾಪ್ಟೇಶನ್ ರೀಸೆಟ್. ತಗಡು ಕೊಟ್ಟು ಇಜಿಆರ್ ಬಂದ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಬೇಡ. ನೈಟ್ರೋಜನ್ ಆಕ್ಸೈಡ್ ಹೆಚ್ಚಾಗುತ್ತದೆ, ಮಾಲಿನ್ಯ ನಿಯಮಕ್ಕೂ ವಿರುದ್ಧ.

ಬೂಸ್ಟ್ ಕಡಿಮೆಗೆ ಕಾರಣ ಇಂಟರ್‌ಕೂಲರ್ ಹೋಸ್. ಕ್ಲಿಪ್ ಅಡಿಯಲ್ಲಿ ಬೆರಳುಗುರಿನಷ್ಟು ಸೀಳು. ನಿಂತಾಗ ಕಾಣುವುದಿಲ್ಲ, ಬೂಸ್ಟ್ ಬಂದಾಗ ಬಾಯಿ ಬಿಡುತ್ತದೆ. ಟರ್ಬೊ ಬಾಯಿಗೆ ಮುಚ್ಚಳ ಕೊಟ್ಟು 0.5 ಬಾರ್ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದರೆ ತಕ್ಷಣ ಗುಳ್ಳೆ ಬಂತು. ಹೋಸ್ ಒಳಗೆ ಎಣ್ಣೆಯ ತೆಳು ಪಸೆ ಕಂಡರೆ ಗಾಬರಿ ಬೇಡ, ಇಂಟರ್‌ಕೂಲರ್ ಬಗ್ಗಿಸಿದಾಗ ಎಣ್ಣೆ ಸುರಿದರೆ ಮಾತ್ರ ಟರ್ಬೊ ಸೀಲ್ ಮೇಲೆ ಅನುಮಾನ.

ಚೈನ್

ಎಲ್ಲಕ್ಕಿಂತ ದೊಡ್ಡ ಕೆಲಸ, ಮತ್ತು ಈ ಎಂಜಿನ್‌ನ ನಿಜವಾದ ದುರ್ಬಲ ಜಾಗ. ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ, ಹಾಗಾಗಿ ಜೀವನಪೂರ್ತಿ ನೋಡಬೇಕಿಲ್ಲ ಎಂಬ ನಂಬಿಕೆ ಬಹಳ ಗಾಡಿಗಳನ್ನು ಹಾಳು ಮಾಡಿದೆ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಹೈಡ್ರಾಲಿಕ್, ಅಂದರೆ ಎಂಜಿನ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವಂಥದ್ದು. ಈ ಎಂಜಿನ್ ಹಿಡಿಯುವುದು ಫಿಲ್ಟರ್ ಸಮೇತ ಸುಮಾರು 3 ಲೀಟರ್ ಆಯಿಲ್. ಡಿಪ್‌ಸ್ಟಿಕ್‌ನ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಸುಮಾರು ಒಂದು ಲೀಟರ್. ಕೆಳಗಿನ ಗೆರೆಯಲ್ಲಿದೆ ಅಂದರೆ ಮೂರರಲ್ಲಿ ಒಂದು ಪಾಲು ಹೋಗಿದೆ ಎಂದೇ ಅರ್ಥ. ಇರುವ ಎರಡು ಲೀಟರ್ ಅಷ್ಟೇ ಮಸಿಯನ್ನು ಹೊರಬೇಕು, ಬೇಗ ದಪ್ಪವಾಗುತ್ತದೆ, ಚೈನ್‌ನ ಪಿನ್ನುಗಳನ್ನು ಅರೆಯುತ್ತದೆ. ಚೈನ್ ಉದ್ದವಾಯಿತು ಅನ್ನುವುದು ಲೋಹ ಹಿಗ್ಗಿದ್ದರಿಂದಲ್ಲ, ಪಿನ್ನು ಸವೆದದ್ದರಿಂದ. ಈ ಗಾಡಿಯ ಡಿಪ್‌ಸ್ಟಿಕ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು.

ಮುಂದಿನ ಕವರ್ ಬಿಚ್ಚಲು ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಲೇಬೇಕು, ಏಕೆಂದರೆ ಆಯಿಲ್ ಪಂಪ್ ಆ ಕವರಿನಲ್ಲೇ ಇದೆ. ಎಂಜಿನ್‌ಗೆ ಮೇಲಿನಿಂದ ಆಸರೆ ಕೊಟ್ಟು ಬಲಬದಿಯ ಮೌಂಟ್ ತೆಗೆದು, ಕ್ರ್ಯಾಂಕ್ ಮತ್ತು ಎರಡೂ ಕ್ಯಾಮ್‌ಗಳನ್ನು ಲಾಕಿಂಗ್ ಪಿನ್‌ಗಳಿಂದ ಬಂಧಿಸಿದ ಮೇಲೆಯೇ ಚೈನ್ ಮುಟ್ಟಬೇಕು. ಚೈನ್ ತಿರುಗಿಸುವುದು ಒಂದು ಕ್ಯಾಮ್, ಇನ್ನೊಂದು ಅದರಿಂದ ಗೇರ್ ಮೂಲಕ ತಿರುಗುತ್ತದೆ. ಪೇಂಟ್ ಗುರುತು ಹಾಕಿ ಅಂದಾಜಿನಲ್ಲಿ ಕೂರಿಸುವುದು ಇಲ್ಲಿ ನಡೆಯದು, ಹಳೆಯ ಚೈನ್ ಸವೆದಿರುವುದರಿಂದ ಆ ಗುರುತೇ ತಪ್ಪಾಗಿರುತ್ತದೆ.

ಬದಲಿಸಿದ್ದು: ಚೈನ್, ಎರಡು ಗೈಡ್, ಟೆನ್ಷನರ್, ಸ್ಪ್ರಾಕೆಟ್‌ಗಳು, ಕ್ರ್ಯಾಂಕ್ ಮುಂದಿನ ಸೀಲ್. ಹಳೆಯ ಗೈಡ್‌ನಲ್ಲಿ ಚೈನ್ ಓಡಿದ ಗೆರೆ ಆಳವಾಗಿ ಬಿದ್ದಿತ್ತು. ಚೇಂಬರ್ ತೊಳೆಯುವಾಗ ಆಯಿಲ್ ಸ್ಟ್ರೈನರ್‌ನಲ್ಲಿ ಹಳೆಯ ಸಿಲಿಕೋನ್ ಸೀಲೆಂಟ್‌ನ ಚೂರುಗಳು ಸಿಕ್ಕವು, ಹಿಂದೆ ಯಾರೋ ಧಾರಾಳವಾಗಿ ಹಚ್ಚಿದ್ದು. ಟೆನ್ಷನರ್‌ಗೆ ಒತ್ತಡ ತಡವಾಗಿ ತಲುಪುತ್ತಿದ್ದುದಕ್ಕೆ ಇದೂ ಕಾರಣ. ಸೀಲೆಂಟ್ ಎಳೆ 2ರಿಂದ 3 ಮಿ.ಮೀ. ಇದ್ದರೆ ಸಾಕು. ಒತ್ತಿದಾಗ ಹೊರಗೆ ಎಷ್ಟು ಬರುತ್ತದೋ ಒಳಗೂ ಅಷ್ಟೇ ಬರುತ್ತದೆ.

ಜೋಡಿಸಿದ ಮೇಲೆ ಪಿನ್ ತೆಗೆದು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ಸಲೀಸಾಗಿ ಕೂರುತ್ತವೆಯೇ ನೋಡಲಾಯಿತು. ಕೂತವು. 5ಡಬ್ಲ್ಯೂ-30 ಆಯಿಲ್ ತುಂಬಿ, ಇಂಜೆಕ್ಟರ್ ಕನೆಕ್ಟರ್ ಕಳಚಿ, ಆಯಿಲ್ ದೀಪ ಆರುವವರೆಗೆ ಹತ್ತು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ಆಮೇಲೆ ಸ್ಟಾರ್ಟ್. ಸದ್ದು ಇಲ್ಲ, ಪಿ0016 ಮರಳಿ ಬಂದಿಲ್ಲ.

ಉಳಿದಿರುವುದು

ಟರ್ಬೊ ಶಾಫ್ಟ್‌ನಲ್ಲಿ ಅಡ್ಡಕ್ಕೆ ಸ್ವಲ್ಪ ಅಲುಗಾಟವಿದೆ, ಆಯಿಲ್ ಇಲ್ಲದಾಗ ಅಷ್ಟು ಇರುವುದು ಸಹಜ. ಉದ್ದಕ್ಕೆ ಅಲುಗಾಟ ಕೈಗೆ ಸಿಗುವಷ್ಟಿಲ್ಲ, ಚಕ್ರ ಗೋಡೆಗೆ ತಾಗಿದ ಗುರುತೂ ಇಲ್ಲ. ಹಾಗಾಗಿ ಟರ್ಬೊ ಬದಲಿಸುತ್ತಿಲ್ಲ, ಅದಕ್ಕೆ ಆಯಿಲ್ ತರುವ ಪೈಪ್ ಮಾತ್ರ ಬಿಚ್ಚಿ ಒಳಗಿನ ಕರಕಲು ನೋಡಬೇಕು. ವೇಸ್ಟ್‌ಗೇಟ್ ರಾಡ್‌ಗೆ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸುವುದು ಬಾಕಿ. ಡೀಸೆಲ್ ಫಿಲ್ಟರ್ ತಳದಿಂದ ನೀರು ಬಸಿದಾಗ ಅರ್ಧ ಲೋಟದಷ್ಟು ಬಂತು, ಫಿಲ್ಟರ್ ಹೊಸದು ಬರಬೇಕಿದೆ. ಈಗ ತುಂಬಿದ ಆಯಿಲ್ ಒಳಗಿನ ಹಳೆಯ ಮಸಿಯನ್ನು ಎಬ್ಬಿಸುವುದರಿಂದ 1,000 ಕಿ.ಮೀ.ಗೇ ಬಸಿದು ಫಿಲ್ಟರ್ ಸಮೇತ ಬದಲಿಸುವುದು, ನಂತರ ಊರೊಳಗಿನ ಓಡಾಟಕ್ಕೆ 7,500 ಕಿ.ಮೀ.ಗೊಮ್ಮೆ. ಡಿಪ್‌ಸ್ಟಿಕ್ ಪ್ರತಿ ಎರಡನೇ ಟ್ಯಾಂಕ್ ಡೀಸೆಲ್‌ಗೆ.